ಬೇಡವೆನ್ನಬಲ್ಲ ವಕೀಲ: ಫಾಲಿ ನಾರಿಮನ್ ಮತ್ತು ಬಾರ್ ಅಸೋಸಿಯೇಷನ್ ಆಫ್ ಇಂಡಿಯಾ

ಕಾವೇರಿ ಕೊಳ್ಳದಲ್ಲಿ ಪತ್ರಿಕೆ ಓದುವ ಅಭ್ಯಾಸವಿರುವ ಯಾರಿಗೂ ಫಾಲಿ ಎಸ್. ನಾರಿಮನ್ ಯಾರೆಂದು ಪರಿಚಯಿಸಬೇಕಾಗಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನಮ್ಮ ಕಡೆ ವಾದಿಸುತ್ತಿದ್ದವರು ಎಂದು ಮಂಡ್ಯದ ರೈತನೂ ಅವರನ್ನು ಬಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಹೆಸರು ಸಿಟ್ಟಿನಿಂದಲೂ ಬಾಯಿಗೆ ಬರುತ್ತಿತ್ತು. ಆದರೆ ಅದೇ ನಾರಿಮನ್ 1991ರಿಂದ 2010ರವರೆಗೆ ಬಾರ್ ಅಸೋಸಿಯೇಷನ್ ಆಫ್ ಇಂಡಿಯಾದ ಅಧ್ಯಕ್ಷರಾಗಿದ್ದರೆಂಬುದು ನಮ್ಮ ವಕೀಲರಲ್ಲೂ ಅನೇಕರ ಗಮನಕ್ಕೆ ಬಂದಿಲ್ಲ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದ ವರ್ಷದಲ್ಲೇ ಅವರು ಆ ಸ್ಥಾನಕ್ಕೆ ಬಂದರು, ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದು ಮೂರು ವರ್ಷ ಕಳೆದ ಮೇಲೆ ಬಿಟ್ಟುಕೊಟ್ಟರು. ಈ ಎರಡು ಹೊಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಅವರ ವೃತ್ತಿಜೀವನದ ಮುಖ್ಯ ಎಳೆ ಕೈಗೆ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಸಂಸ್ಥೆಯ ವಿಚಾರ. ಹೆಸರುಗಳು ಒಂದರಂತೆ ಒಂದು ಕೇಳಿಸುವುದರಿಂದ ಇಲ್ಲಿ ಗೊಂದಲ ಸಹಜ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ಎನ್ನುವುದು 1961ರ ವಕೀಲರ ಕಾಯ್ದೆಯಿಂದ ಹುಟ್ಟಿದ ಶಾಸನಬದ್ಧ ಪರಿಷತ್ತು. ಕಾನೂನು ಶಿಕ್ಷಣದ ಮಟ್ಟವನ್ನು ನಿಗದಿಪಡಿಸುವುದು, ವೃತ್ತಿ ನಡಾವಳಿಯ ನಿಯಮ ರೂಪಿಸುವುದು ಅದರ ಕೆಲಸ. ರಾಜ್ಯಗಳ ಪರಿಷತ್ತುಗಳು ಸನದು ಕೊಡುತ್ತವೆ, ದೂರು ಬಂದರೆ ವಿಚಾರಣೆ ನಡೆಸುತ್ತವೆ, ತಪ್ಪು ಸಾಬೀತಾದರೆ ಸನದನ್ನು ಅಮಾನತಿನಲ್ಲಿಡುತ್ತವೆ ಅಥವಾ ಕಿತ್ತುಕೊಳ್ಳುತ್ತವೆ. ಸುಪ್ರೀಂ ಕೋರ್ಟ್ ವಕೀಲರ ಸಂಘ ಮತ್ತೊಂದು. ಅದು ಆ ನ್ಯಾಯಾಲಯದಲ್ಲಿ ವೃತ್ತಿ ನಡೆಸುವವರ ಸಂಘಟನೆ. ಬಾರ್ ಅಸೋಸಿಯೇಷನ್ ಆಫ್ ಇಂಡಿಯಾ ಇವೆರಡರಿಂದಲೂ ಬೇರೆ. ದೇಶದ ವಕೀಲರು ತಾವಾಗಿಯೇ ಸೇರಿ ಕಟ್ಟಿಕೊಂಡ ಸಂಘ ಅದು. ಯಾರಿಗೂ ಸನದು ಕೊಡಲಾರದು, ಯಾರದನ್ನೂ ಕಸಿಯಲಾರದು. ಅದರ ಅಧ್ಯಕ್ಷನ ಸಹಿಗೆ ಕಾನೂನಿನ ಬಲವಿಲ್ಲ. ಅವನ ಮಾತಿಗೆ ತೂಕ ಬರುವುದಾದರೆ ಅದು ಆಡಿದವನಿಂದಲೇ ಬರಬೇಕು.

ಇಂಥದೊಂದು ಸಂಘ ಯಾಕೆ ಬೇಕಾಯಿತು ಎನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಬ್ರಿಟಿಷರ ಕಾಲದಲ್ಲಿ ವಕೀಲರು ಒಂದೇ ವರ್ಗದವರಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಓದಿ ಬಂದ ಬ್ಯಾರಿಸ್ಟರು, ಹೈಕೋರ್ಟಿನ ವಕೀಲ, ಜಿಲ್ಲಾ ನ್ಯಾಯಾಲಯದ ಪ್ಲೀಡರು, ಕೆಳಗಿನ ಕಚೇರಿಗಳ ಮುಖ್ತಾರ, ಮುಂಬೈ ಮತ್ತು ಕಲ್ಕತ್ತಾಗಳಲ್ಲಿ ಕಾಗದಪತ್ರ ಸಿದ್ಧಪಡಿಸುವ ಸಾಲಿಸಿಟರು ಹೀಗೆ ಶ್ರೇಣಿಯ ಮೇಲೆ ಶ್ರೇಣಿ. 1879ರ ಕಾಯ್ದೆ ಈ ಭೇದಗಳನ್ನು ಕಾನೂನಿನಲ್ಲೇ ಬರೆದಿಟ್ಟಿತ್ತು. 1926ರ ಬಾರ್ ಕೌನ್ಸಿಲ್ ಕಾಯ್ದೆ ಹೈಕೋರ್ಟುಗಳಿಗೆ ಒಂದೊಂದು ಪರಿಷತ್ತು ಕೊಟ್ಟಿತು, ಆದರೆ ದೇಶಕ್ಕೆಲ್ಲ ಒಂದೇ ಬಾರ್ ಎಂಬ ಕಲ್ಪನೆ ದೂರವೇ ಉಳಿಯಿತು. ನಮ್ಮ ರಾಜ್ಯವೇ ಇದಕ್ಕೆ ಒಳ್ಳೆಯ ಉದಾಹರಣೆ. 1956ರಲ್ಲಿ ಏಕೀಕರಣವಾದಾಗ ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಸೀಮೆಗಳಲ್ಲಿ ಬೇರೆಬೇರೆ ಪದ್ಧತಿಗಳಲ್ಲಿ ಪಳಗಿದ ವಕೀಲರು ಒಂದೇ ಹೈಕೋರ್ಟಿನ ಮುಂದೆ ನಿಂತರು. ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಅಧ್ಯಕ್ಷತೆಯಲ್ಲಿ 1951ರಲ್ಲಿ ರಚನೆಯಾದ ಅಖಿಲ ಭಾರತ ಬಾರ್ ಸಮಿತಿ, ಆಮೇಲೆ 1958ರಲ್ಲಿ ಕಾನೂನು ಆಯೋಗದ 14ನೇ ವರದಿ, ಎರಡೂ ಏಕೀಕೃತ ಬಾರ್ ಬೇಕೆಂದು ಹೇಳಿದವು. 1961ರಲ್ಲಿ ಕಾಯ್ದೆ ಬಂತು. ಗಮನಿಸಬೇಕಾದ ಸಂಗತಿಯೆಂದರೆ, ಕಾಯ್ದೆ ಬರುವ ಮುಂಚೆಯೇ 1960ರಲ್ಲಿ ಬಾರ್ ಅಸೋಸಿಯೇಷನ್ ಆಫ್ ಇಂಡಿಯಾ ಕೆಲಸ ಆರಂಭಿಸಿತ್ತು. ಸರ್ಕಾರ ಒಂದುಗೂಡಿಸಲಿ ಎಂದು ಕಾಯದೆ ವಕೀಲರು ತಾವೇ ಒಂದಾಗಲು ಹೊರಟಿದ್ದರು.

ಅದರ ಮೊದಲ ಅಧ್ಯಕ್ಷ ಎಂ.ಸಿ. ಸೆಟಲ್ವಾಡ್. ಗಣರಾಜ್ಯದ ಮೊದಲ ಅಟಾರ್ನಿ ಜನರಲ್ ಅವರೇ, ಸ್ವತಂತ್ರ ಭಾರತದ ಮೊದಲ ಕಾನೂನು ಆಯೋಗದ ಅಧ್ಯಕ್ಷರೂ ಅವರೇ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ನಾಯಕರನ್ನು ಬಂಧಿಸಿದಾಗ ಮುಂಬೈ ಪ್ರಾಂತದ ಅಡ್ವೊಕೇಟ್ ಜನರಲ್ ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಬಂದವರು. 1958ರಲ್ಲಿ ಮುಂದ್ರಾ ಹಗರಣದ ವಿಚಾರಣೆಗೆ ಎಂ.ಸಿ. ಛಾಗ್ಲಾ ಆಯೋಗ ಕುಳಿತಾಗ, ಕೇಂದ್ರದ ಅಟಾರ್ನಿ ಜನರಲ್ ಆಗಿದ್ದರೂ ಸೆಟಲ್ವಾಡ್ ಕೇಂದ್ರದ ಹಣಕಾಸು ಸಚಿವರ ಹೊಣೆಗಾರಿಕೆಯನ್ನು ಮುಚ್ಚಿಡಲಿಲ್ಲ. ಆ ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಸರ್ಕಾರದ ವಕೀಲನಾಗಿದ್ದವನು ಸರ್ಕಾರದ ಆಳಲ್ಲ ಎಂಬ ಮಾತನ್ನು ಇವತ್ತು ಭಾಷಣಗಳಲ್ಲಿ ಕೇಳುತ್ತೇವೆ. ಸೆಟಲ್ವಾಡ್ ಅದನ್ನು ನಡೆದು ತೋರಿಸಿದ್ದರು. ಮೂರು ದಶಕ ಕಳೆದು ಅದೇ ಪೀಠಕ್ಕೆ ನಾರಿಮನ್ ಬಂದಾಗ ಅವರ ಹಿಂದೆಯೂ ಅಂಥದೇ ಒಂದು ರಾಜೀನಾಮೆ ಇತ್ತು.

ನಾರಿಮನ್ ಹುಟ್ಟಿದ್ದು 1929ರ ಜನವರಿ 10ರಂದು, ರಂಗೂನಿನಲ್ಲಿ, ಪಾರ್ಸಿ ಕುಟುಂಬದಲ್ಲಿ. ಜಪಾನೀಯರು ಬರ್ಮಾದ ಮೇಲೆ ಬಾಂಬು ಸುರಿಸಿದಾಗ ಹುಡುಗನಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ಅಲ್ಲಿ ನೆಲೆಸಿದ್ದ ಲಕ್ಷಾಂತರ ಭಾರತೀಯರ ಜತೆ ಈ ಕುಟುಂಬವೂ 1942ರಲ್ಲಿ ಕಾಡುಮೇಡುಗಳನ್ನು ದಾಟಿ ಇಂಫಾಲದ ಕಡೆಯಿಂದ ಭಾರತ ಸೇರಿತು. ಶಿಮ್ಲಾದ ಬಿಷಪ್ ಕಾಟನ್ ಶಾಲೆ, ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜು, ಅಲ್ಲಿನ ಸರ್ಕಾರಿ ಕಾನೂನು ಕಾಲೇಜು. ಮಗ ಐಸಿಎಸ್ ಮಾಡಲಿ ಎಂದು ತಂದೆಗೆ ಆಸೆಯಿತ್ತು, ಆದರೆ ಇಂಗ್ಲೆಂಡಿಗೆ ಕಳಿಸುವಷ್ಟು ಹಣವಿರಲಿಲ್ಲ. 1950ರಲ್ಲಿ ಸನದು ಪಡೆದ ತರುಣ ಸರ್ ಜಮ್‌ಶೆಡ್‌ಜಿ ಕಾಂಗಾ ಅವರ ಛೇಂಬರ್ ಸೇರಿದ.

ಕಾಂಗಾ ಛೇಂಬರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಎಚ್.ಎಂ. ಸೀರ್ವಾಯಿ, ನಾನಿ ಪಾಲ್ಖಿವಾಲಾ, ಸೋಲಿ ಸೊರಾಬ್ಜಿ, ನಾರಿಮನ್ ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಅದೇ ಸೂರಿನ ಕೆಳಗೆ ಜೂನಿಯರುಗಳಾಗಿ ಕೂತವರು. ಭಾರತದ ಸಂವಿಧಾನ ಕುರಿತ ದೊಡ್ಡ ವಾದಗಳಲ್ಲಿ ಎಷ್ಟೋ ಸಲ ಎರಡೂ ಕಡೆ ಆ ಛೇಂಬರಿನವರೇ ಇರುತ್ತಿದ್ದರು. ಕೇಶವಾನಂದ ಭಾರತಿ ಪ್ರಕರಣದಲ್ಲಿ ಪಾಲ್ಖಿವಾಲಾ ಅರ್ಜಿದಾರರ ಕಡೆ, ಸೀರ್ವಾಯಿ ಕೇರಳ ಸರ್ಕಾರದ ಕಡೆ ನಿಂತದ್ದನ್ನು ನೆನೆದರೆ ಸಾಕು. ಕಕ್ಷಿದಾರನ ವಾದ ಬೇರೆ, ವಕೀಲನ ಸ್ನೇಹ ಬೇರೆ, ಅವನ ಸ್ವಂತ ನಂಬಿಕೆ ಇನ್ನೂ ಬೇರೆ ಎಂಬ ಪಾಠವನ್ನು ಜೂನಿಯರ್ ಯಾವ ಪುಸ್ತಕದಿಂದಲೂ ಕಲಿಯಲಾರ. ಹಿರಿಯರು ದಿನವೂ ಹಾಗೆ ನಡೆದುಕೊಳ್ಳುವುದನ್ನು ಕಣ್ಣಾರೆ ಕಂಡೇ ಕಲಿಯಬೇಕು. ಇವತ್ತು ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಜೂನಿಯರುಗಳು ಸೀನಿಯರಿಂದ ಸೀನಿಯರಿಗೆ ಜಿಗಿಯುವುದನ್ನು ನೋಡುವಾಗ, ಒಂದೇ ಛೇಂಬರಿನಲ್ಲಿ ನಿಂತು ಕಲಿಯುವ ಆ ವ್ಯವಸ್ಥೆ ಮತ್ತೆ ಬೇರೂರಲಿ ಎಂದು ಮನಸ್ಸು ಬಯಸುತ್ತದೆ.

1967ರ ಗೋಲಕ್‌ನಾಥ್ ಪ್ರಕರಣದಲ್ಲಿ ನಾರಿಮನ್ ಮಧ್ಯಪ್ರವೇಶ ಅರ್ಜಿದಾರರ ಪರ ವಾದಿಸಿದರು. ಪಂಜಾಬಿನ ಜಮೀನಿನ ತಕರಾರು ಎಂದೇ ಹೆಸರಾದ ಆ ಪ್ರಕರಣದಲ್ಲಿ ಮೈಸೂರು ರಾಜ್ಯದ 1962ರ ಭೂಸುಧಾರಣಾ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳೂ ಸೇರಿದ್ದವೆಂಬುದು ನಮ್ಮಲ್ಲಿ ಮರೆತುಹೋದ ಸಂಗತಿ. 1971ರಲ್ಲಿ ಅವರು ಹಿರಿಯ ವಕೀಲರಾದರು. ಮರುವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ ದೆಹಲಿಗೆ ಹೋದರು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. 27ರಂದು ನಾರಿಮನ್ ಹುದ್ದೆ ಬಿಟ್ಟರು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಆಂತರಿಕ ಭದ್ರತಾ ಕಾಯ್ದೆಯಡಿ ಯಾರನ್ನು ಬೇಕಾದರೂ ಹಿಡಿದೊಯ್ಯಬಹುದಿತ್ತು. ಆಗ ಅವರಿಗೆ ನಲವತ್ತಾರು. ದೆಹಲಿಗೆ ಬಂದು ಮೂರೇ ವರ್ಷವಾಗಿತ್ತು. ಸರ್ಕಾರಿ ಮೊಕದ್ದಮೆಗಳು ಕೈಬಿಟ್ಟ ಮೇಲೆ ಖಾಸಗಿ ವೃತ್ತಿಯನ್ನು ಮೊದಲಿನಿಂದ ಕಟ್ಟಬೇಕಿತ್ತು. ಅದೇ ಹೊತ್ತಿನಲ್ಲಿ ಅಟಾರ್ನಿ ಜನರಲ್ ನಿರೇನ್ ಡೇ ಹುದ್ದೆಯಲ್ಲೇ ಮುಂದುವರಿದು, ಜಬಲ್ಪುರ ಪ್ರಕರಣದಲ್ಲಿ ಬಂಧಿತನಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕೇ ಇಲ್ಲವೆಂದು ಸರ್ಕಾರದ ಪರ ವಾದಿಸಿದರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಅದನ್ನು ಒಪ್ಪಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ.

ಆ ದಿನಗಳ ಬೆಂಗಳೂರನ್ನು ಇಲ್ಲಿ ನೆನೆಯದಿದ್ದರೆ ನಮ್ಮ ಬಾರ್‌ಗೆ ಅನ್ಯಾಯ ಮಾಡಿದಂತಾಗುತ್ತದೆ. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರ ಅವರನ್ನು ಬಂಧಿಸಿದ್ದು ನಮ್ಮ ಊರಿನಲ್ಲೇ. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು ಬಂದದ್ದು ಕರ್ನಾಟಕ ಹೈಕೋರ್ಟಿನ ಮುಂದೆ. ಅವರ ಪರ ನಿಂತ ಎಂ. ರಾಮಾ ಜೋಯಿಸ್ ತಾವೇ ಸೆರೆಮನೆ ಸೇರಬೇಕಾಯಿತು. 1976ರಲ್ಲಿ ದೇಶದ ಹದಿನಾರು ಮಂದಿ ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಒಪ್ಪಿಗೆ ಕೇಳದೆ ವರ್ಗ ಮಾಡಿದಾಗ ಆ ಪಟ್ಟಿಯಲ್ಲಿ ನಮ್ಮ ಹೈಕೋರ್ಟಿನ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಇದ್ದರು. ಒಬ್ಬರು ಅಲಹಾಬಾದಿಗೆ, ಇನ್ನೊಬ್ಬರು ಗೌಹಾಟಿಗೆ. ನ್ಯಾಯಮೂರ್ತಿಗಳ ನೇಮಕ ಮತ್ತು ವರ್ಗಾವಣೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ವಕೀಲರಿಗೆ ಬರೀ ಸಿದ್ಧಾಂತವಾಗಿ ಉಳಿಯದಿದ್ದದ್ದು ಇಂಥ ಅನುಭವಗಳಿಂದ. ಅದು ನಾರಿಮನ್ ಅವರ ಅಧ್ಯಕ್ಷತೆಯ ಕಾಲದಲ್ಲಿ ಮತ್ತೆ ಎದುರಾಗಲಿತ್ತು.

ರಾಜೀನಾಮೆಯ ನಂತರದ ವೃತ್ತಿಯಲ್ಲಿ ಎರಡು ಮೊಕದ್ದಮೆಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಒಂದು, ಕೇರಳದ ಮೂವರು ಶಾಲಾಮಕ್ಕಳದ್ದು. ಯಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಶ್ರದ್ಧೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತ್ತು. ನಾರಿಮನ್ ಆ ಮಕ್ಕಳ ಪರ ವಾದಿಸಿದರು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿತು.

ಇನ್ನೊಂದು ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದ ಆ ದುರಂತದ ಪರಿಹಾರ ಮೊಕದ್ದಮೆಯಲ್ಲಿ ನಾರಿಮನ್ ಯೂನಿಯನ್ ಕಾರ್ಬೈಡ್ ಕಂಪನಿಯ ಪರ ನಿಂತರು. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಸಂತ್ರಸ್ತರ ಸಂಘಟನೆಗಳು ಆ ರಾಜಿಯನ್ನು ಇಂದಿಗೂ ಒಪ್ಪಿಲ್ಲ. ಒಪ್ಪದಿರಲು ಅವರಿಗೆ ಕಾರಣಗಳಿವೆ. ಯಾರ ಮೊಕದ್ದಮೆಯನ್ನಾದರೂ ವಕೀಲ ತೆಗೆದುಕೊಳ್ಳಬೇಕು ಎಂಬ ವೃತ್ತಿಧರ್ಮದ ಮಾತು ಇಲ್ಲಿ ಅನ್ವಯಿಸುತ್ತದೆ, ನಿಜ. ಆದರೆ ಆ ಮಾತಿನ ಹಿಂದೆ ಅವರು ಅಡಗಿಕೊಳ್ಳಲಿಲ್ಲ. ಮುಂದೆ ಆದದ್ದೆಲ್ಲ ಆಗಲೇ ಗೊತ್ತಿದ್ದರೆ ಆ ಮೊಕದ್ದಮೆಯನ್ನು ಮುಟ್ಟುತ್ತಿರಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಅಭಿನಂದನೆಯ ಬರಹಗಳು ಭೋಪಾಲನ್ನು ಬಿಟ್ಟು ಮುಂದೆ ಹೋಗುವುದನ್ನು ಕಂಡಿದ್ದೇನೆ. ಅದು ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ ಎನಿಸುತ್ತದೆ.

ಹೀಗೆ ತೀರಾ ಭಿನ್ನ ಕಕ್ಷಿದಾರರನ್ನು ಕಂಡ ವಕೀಲರು 1991ರಲ್ಲಿ ಬಾರ್ ಅಸೋಸಿಯೇಷನ್ ಆಫ್ ಇಂಡಿಯಾದ ಅಧ್ಯಕ್ಷರಾದರು. ಅದೇ ವರ್ಷ ಪದ್ಮಭೂಷಣ ಬಂತು. ಅಷ್ಟರಲ್ಲಿ ಅವರು ಏಷ್ಯಾ ಪೆಸಿಫಿಕ್ ವಲಯದ ವಕೀಲರ ಒಕ್ಕೂಟವಾದ ಲಾಏಷ್ಯಾದ ಅಧ್ಯಕ್ಷರಾಗಿಯೂ 1985ರಿಂದ 1987ರವರೆಗೆ ಕೆಲಸ ಮಾಡಿದ್ದರು. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಪಂಚಾಯ್ತಿ ನ್ಯಾಯಾಲಯದ ಉಪಾಧ್ಯಕ್ಷ ಸ್ಥಾನ 1989ರಿಂದ 2005ರವರೆಗೆ, ವಾಣಿಜ್ಯ ಪಂಚಾಯ್ತಿಯ ಅಂತರರಾಷ್ಟ್ರೀಯ ಪರಿಷತ್ತಿನ ಅಧ್ಯಕ್ಷತೆ 1994ರಿಂದ 2002ರವರೆಗೆ, ಜಿನೀವಾದ ಅಂತರರಾಷ್ಟ್ರೀಯ ನ್ಯಾಯವಿದರ ಆಯೋಗದ ಕಾರ್ಯಕಾರಿ ಸಮಿತಿಯ ಹೊಣೆ. ಹೊರಗಿನವರು ಭಾರತದ ವಕೀಲ ಸಮುದಾಯ ಎಂದಾಗ ಮೊದಲು ಕಾಣುತ್ತಿದ್ದ ಮುಖ ಅವರದಾಗಿತ್ತು.

ಅಧ್ಯಕ್ಷತೆಯ ಎರಡನೇ ವರ್ಷ ದಾಟುವಷ್ಟರಲ್ಲಿ ಬಂದದ್ದು ಎರಡನೇ ನ್ಯಾಯಮೂರ್ತಿಗಳ ಪ್ರಕರಣ. ಸುಪ್ರೀಂ ಕೋರ್ಟಿನ ಅಡ್ವೊಕೇಟ್ಸ್ ಆನ್ ರೆಕಾರ್ಡ್ ಸಂಘ ಅರ್ಜಿ ಹಾಕಿತ್ತು. ಸಂಘದ ಪರ ನಾರಿಮನ್ ವಾದಿಸಿದರು. ನ್ಯಾಯಮೂರ್ತಿಗಳ ನೇಮಕದಲ್ಲಿ ಸರ್ಕಾರದ ಮಾತೇ ಕೊನೆಯದಾಗಬಾರದು ಎಂಬ ವಾದವನ್ನು ಒಂಬತ್ತು ಮಂದಿಯ ಪೀಠದ ಬಹುಮತ 1993ರ ಅಕ್ಟೋಬರ್ 6ರಂದು ಒಪ್ಪಿತು. ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹುಟ್ಟಿದ್ದು ಅಲ್ಲಿ. ತುರ್ತುಪರಿಸ್ಥಿತಿಯ ವರ್ಗಾವಣೆಗಳನ್ನು ಕಂಡ ತಲೆಮಾರಿಗೆ ಅದು ದೊಡ್ಡ ಗೆಲುವು. ಆದರೆ 2010ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಈ ಗೆಲುವಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಇದರಲ್ಲಿ ಸೋತಿದ್ದರೇ ಚೆನ್ನಾಗಿತ್ತು ಎಂಬರ್ಥದಲ್ಲಿ ನಾರಿಮನ್ ಬರೆದರು. ಮುಚ್ಚಿದ ಬಾಗಿಲ ಹಿಂದೆ ಕೆಲವೇ ಹಿರಿಯರು ಹೆಸರುಗಳನ್ನು ಆಯುವ ರೀತಿ ಅವರಿಗೆ ಹಿಡಿಸಲಿಲ್ಲ.

ಮುಂದೆ ಸಂವಿಧಾನಕ್ಕೆ ತಿದ್ದುಪಡಿ ತಂದು ನ್ಯಾಯಾಂಗ ನೇಮಕಾತಿ ಆಯೋಗ ರಚಿಸಲು ಸಂಸತ್ತು ಹೊರಟಾಗ ಅದನ್ನು ಪ್ರಶ್ನಿಸಿದವರ ಮುಂಚೂಣಿಯಲ್ಲಿ ಮತ್ತೆ ಅವರೇ ಇದ್ದರು. 2015ರ ಅಕ್ಟೋಬರ್ 16ರಂದು ನಾಲ್ಕು ಒಂದರ ಬಹುಮತದಿಂದ ಆಯೋಗ ಬಿದ್ದುಹೋಯಿತು. ಇದನ್ನು ಇಬ್ಬಗೆ ಎಂದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕೊಲಿಜಿಯಂ ಕೆಟ್ಟದಾಗಿ ನಡೆಯುತ್ತಿದೆ ಎನ್ನುವುದು ಒಂದು ಮಾತು, ಆದ್ದರಿಂದ ಕಾನೂನು ಸಚಿವರೂ ಕೂರುವ ಸಮಿತಿಗೆ ನೇಮಕ ಒಪ್ಪಿಸಿಬಿಡಿ ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳುತ್ತಲೇ ಎರಡನೆಯದನ್ನು ತಳ್ಳಿಹಾಕಲು ಬರುತ್ತದೆ. ತಾನು ಗೆದ್ದ ತೀರ್ಪನ್ನೇ ಟೀಕಿಸುವ ವಕೀಲರು ನಮ್ಮಲ್ಲಿ ವಿರಳ. ವಕೀಲರ ಸಂಘವೊಂದರ ಅಧ್ಯಕ್ಷರು ಅಂಥವರಾಗಿದ್ದರೆಂಬುದು ಆ ಸಂಘಕ್ಕೆ ಗೌರವ ತರುವ ವಿಷಯ.

ಅವರ ಅಧ್ಯಕ್ಷತೆಯ ಕಾಲದಲ್ಲೇ, 1998ರಲ್ಲಿ, ಗುಜರಾತಿನಲ್ಲಿ ಕ್ರೈಸ್ತರ ಮೇಲೆ ದಾಳಿಗಳಾದವು, ಬೈಬಲ್ ಪ್ರತಿಗಳನ್ನು ಸುಟ್ಟರು. ನರ್ಮದಾ ಮೊಕದ್ದಮೆಯಲ್ಲಿ ಗುಜರಾತ್ ಸರ್ಕಾರದ ವಕೀಲರಾಗಿದ್ದ ನಾರಿಮನ್ ಆ ವಕಾಲತ್ತನ್ನು ಹಿಂದಿರುಗಿಸಿದರು. ಅಣೆಕಟ್ಟಿನ ವ್ಯಾಜ್ಯಕ್ಕೂ ಆ ದಾಳಿಗಳಿಗೂ ಸಂಬಂಧವಿರಲಿಲ್ಲ. ಆದರೂ ತನ್ನ ನಾಡಿನ ಅಲ್ಪಸಂಖ್ಯಾತರನ್ನು ಕಾಯದ ಸರ್ಕಾರಕ್ಕೆ ನನ್ನ ದನಿ ಕೊಡಲಾರೆ ಎಂದು ನಿರ್ಧರಿಸಿದರು.

1999ರಿಂದ 2005ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. ಸದನದ ಕಲಾಪಕ್ಕೆ ಅಡ್ಡಿಪಡಿಸಿದ ದಿನದ ಭತ್ಯೆ ಸದಸ್ಯರಿಗೆ ಸಿಗಬಾರದು ಎಂಬ ಖಾಸಗಿ ಮಸೂದೆಯನ್ನು 2004ರಲ್ಲಿ ತಂದರು. ಅದು ಕಾಯ್ದೆಯಾಗಲಿಲ್ಲ. ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಗಳ ಹಕ್ಕಿನ ವಿಚಾರದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಕೊಟ್ಟ ತೀರ್ಪಿನಲ್ಲೂ ಅವರ ವಾದವಿತ್ತು. ಆ ಪ್ರಕರಣದ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನ, ಎದುರುವಾದಿ ಕರ್ನಾಟಕ ರಾಜ್ಯ.

ಈಗ ಕಾವೇರಿಗೆ ಬರೋಣ. ಎಲ್ಲವೂ ಹರಳುಗಟ್ಟಿದ್ದು ಇಲ್ಲಿ.

1990ರ ಜೂನ್ 2ರಂದು ನ್ಯಾಯಮಂಡಳಿ ರಚನೆಯಾಯಿತು. 1991ರ ಜೂನ್ 25ರಂದು ಮಧ್ಯಂತರ ಆದೇಶ ಬಂತು: ವರ್ಷಕ್ಕೆ 205 ಟಿಎಂಸಿ ನೀರು ತಮಿಳುನಾಡಿನ ಮೆಟ್ಟೂರು ತಲುಪಬೇಕು. ಬಂಗಾರಪ್ಪನವರ ಸರ್ಕಾರ ಜುಲೈ 25ರಂದು ಸುಗ್ರೀವಾಜ್ಞೆ ಹೊರಡಿಸಿ, ರಾಜ್ಯದ ರೈತರ ನೀರನ್ನು ಕಾಯುವ ಹೆಸರಿನಲ್ಲಿ ಆ ಆದೇಶವನ್ನು ನಿಷ್ಫಲಗೊಳಿಸಲು ಯತ್ನಿಸಿತು. ರಾಷ್ಟ್ರಪತಿಗಳು ವಿಷಯವನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು. ಕರ್ನಾಟಕದ ಪರ ನಾರಿಮನ್ ವಾದಿಸಿದರು. ನವೆಂಬರ್ 22ರಂದು ಬಂದ ಅಭಿಪ್ರಾಯ ನಮಗೆ ವಿರುದ್ಧವಾಗಿತ್ತು. ತನ್ನದೇ ವ್ಯಾಜ್ಯದಲ್ಲಿ ರಾಜ್ಯ ತಾನೇ ನ್ಯಾಯಾಧೀಶನಾಗಲು ಬರುವುದಿಲ್ಲ ಎಂದಿತು ಪೀಠ. ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಕಡೆ ನಡೆದ ಹಿಂಸೆ ನಾವು ಹೆಮ್ಮೆಪಡುವಂಥದ್ದಲ್ಲ.

ಸೋಲಿನಿಂದಲೇ ಶುರುವಾದ ಆ ವಕಾಲತ್ತು ಸರ್ಕಾರಗಳು ಬದಲಾದರೂ ಮುಂದುವರಿಯಿತು. ಕಾಂಗ್ರೆಸ್, ಜನತಾದಳ, ಬಿಜೆಪಿ ಯಾವ ಮುಖ್ಯಮಂತ್ರಿ ಬಂದರೂ ಕಾವೇರಿಯ ಕಡತ ನಾರಿಮನ್ ಅವರ ಮೇಜಿನ ಮೇಲೆಯೇ ಇತ್ತು. ಕೃಷ್ಣಾ ಎರಡನೇ ನ್ಯಾಯಮಂಡಳಿ ಮತ್ತು ಮಹದಾಯಿ ನ್ಯಾಯಮಂಡಳಿಗಳ ಮುಂದೆಯೂ ಅವರು ರಾಜ್ಯದ ಪರ ನಿಂತರು. ಅವರ ಜತೆ ಅನಿಲ್ ದಿವಾನ್, ಎಸ್.ಎಸ್. ಜವಳಿ, ಮೋಹನ್ ಕಾತರಕಿ ಮೊದಲಾದ ವಕೀಲರ ತಂಡ, ನಮ್ಮ ನೀರಾವರಿ ಇಲಾಖೆಯ ಎಂಜಿನಿಯರುಗಳು. ಒಳಹರಿವು, ಬೆಳೆಯ ನೀರಿನ ಬೇಡಿಕೆ, ಸಂಕಷ್ಟ ವರ್ಷದ ಲೆಕ್ಕ ಎಲ್ಲವನ್ನೂ ಆ ಎಂಜಿನಿಯರುಗಳು ಸಿದ್ಧಪಡಿಸುತ್ತಿದ್ದರು. ಅವರ ಹೆಸರುಗಳು ತೀರ್ಪಿನಲ್ಲಿ ಬರುವುದಿಲ್ಲ, ಆದರೆ ಅವರ ಅಂಕಿಅಂಶಗಳಿಲ್ಲದೆ ಯಾವ ಹಿರಿಯ ವಕೀಲರ ವಾದವೂ ನಿಲ್ಲುತ್ತಿರಲಿಲ್ಲ.

2002ರ ಬರದ ವರ್ಷ ನೀರು ಬಿಡುವ ಆದೇಶ ಪಾಲಿಸದ ಆಪಾದನೆಯ ಮೇಲೆ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಸುಪ್ರೀಂ ಕೋರ್ಟಿನಲ್ಲಿ ಕ್ಷಮೆ ಕೋರಬೇಕಾಯಿತು. 2007ರ ಫೆಬ್ರವರಿ 5ರಂದು ಅಂತಿಮ ತೀರ್ಪು: ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ಗಡಿಯಲ್ಲಿ 192 ಟಿಎಂಸಿ ಬಿಡಬೇಕು. ರಾಜ್ಯ ಮೇಲ್ಮನವಿ ಹಾಕಿತು.

2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜಯಲಲಿತಾ ಅವರಿಗೆ ಶಿಕ್ಷೆ ವಿಧಿಸಿದ ಮೇಲೆ, ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ಜಾಮೀನು ಕೊಡಿಸಿದವರು ನಾರಿಮನ್. ಕಾವೇರಿಯಲ್ಲಿ ಎದುರಾಳಿ ರಾಜ್ಯದ ನಾಯಕಿಗೆ ನಮ್ಮ ವಕೀಲರು ನಿಂತದ್ದು ಇಲ್ಲಿ ಅನೇಕರಿಗೆ ನುಂಗಲಾಗದ ತುತ್ತಾಯಿತು. ಜನರ ಆ ಅಸಮಾಧಾನವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಜೈಲಿನಲ್ಲಿದ್ದ ವ್ಯಕ್ತಿಯೊಬ್ಬರ ಜಾಮೀನಿಗೂ ಎರಡು ರಾಜ್ಯಗಳ ನದಿ ವ್ಯಾಜ್ಯಕ್ಕೂ ವೃತ್ತಿನಿಯಮದ ದೃಷ್ಟಿಯಲ್ಲಿ ಸಂಬಂಧವಿಲ್ಲ. ಕಾಂಗಾ ಛೇಂಬರಿನಲ್ಲಿ ಕಲಿತವರಿಗೆ ಅದು ಪ್ರಶ್ನೆಯಾಗಿಯೂ ತೋರಿರಲಾರದು.

2016ರ ಸೆಪ್ಟೆಂಬರ್ ಬಂತು. ಕೆಆರ್‌ಎಸ್‌ನಲ್ಲಿ ನೀರಿಲ್ಲ, ಸುಪ್ರೀಂ ಕೋರ್ಟಿನಿಂದ ಒಂದರ ಹಿಂದೊಂದು ಆದೇಶ. ದಿನಕ್ಕೆ 10,000 ಕ್ಯೂಸೆಕ್ ಬಿಡುವ ಮಾತನ್ನು ರಾಜ್ಯದ ಪರವಾಗಿ ನಾರಿಮನ್ ಮುಂದಿಟ್ಟರು. ನ್ಯಾಯಾಲಯ ಸೆಪ್ಟೆಂಬರ್ 5ರಂದು 15,000 ಎಂದಿತು, ಆಮೇಲೆ 12,000, ಆಮೇಲೆ 6,000. ಸೆಪ್ಟೆಂಬರ್ 12ರಂದು ಬೆಂಗಳೂರು ಹೊತ್ತಿ ಉರಿಯಿತು. ಇಷ್ಟು ನೀರು ಬಿಡಲು ನಮ್ಮ ವಕೀಲರೇ ಒಪ್ಪಿದರು, ಅವರನ್ನು ಬದಲಿಸಿ ಎಂಬ ಕೂಗು ಬೀದಿಯಿಂದ ಹಿಡಿದು ರಾಜಕಾರಣಿಗಳವರೆಗೆ ಎಲ್ಲೆಡೆ ಕೇಳಿತು. 23ರಂದು ವಿಧಾನಮಂಡಲ ಸೇರಿ, ಜಲಾಶಯಗಳ ನೀರು ಕುಡಿಯಲು ಮಾತ್ರ ಎಂದು ಒಕ್ಕೊರಲಿನ ನಿರ್ಣಯ ಮಾಡಿತು. 27ರಂದು ನ್ಯಾಯಾಲಯ ಮತ್ತೆ ನೀರು ಬಿಡಲು ಹೇಳಿತು. ರಾಜ್ಯ ಬಿಡಲಿಲ್ಲ.

30ರಂದು ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರ ಪೀಠದ ಮುಂದೆ ಎಂಬತ್ತೇಳರ ನಾರಿಮನ್ ಎದ್ದು ನಿಂತರು. ಆದೇಶ ಪಾಲನೆಯಾಗದೆ ತಾವು ರಾಜ್ಯದ ಪರ ಮುಂದೆ ವಾದ ಮಾಡುವುದಿಲ್ಲವೆಂದು ಬರೆದು ತಂದಿದ್ದ ಹೇಳಿಕೆ ಓದಿದರು. ರಾಜ್ಯವನ್ನು ದೂಷಿಸಲಿಲ್ಲ, ವಕಾಲತ್ತಿನಿಂದ ಓಡಿಹೋಗಲೂ ಇಲ್ಲ. ವಕೀಲನಾದವನು ನ್ಯಾಯಾಲಯದ ಅಧಿಕಾರಿಯೂ ಹೌದು, ಆದೇಶ ಮುರಿದ ಕಕ್ಷಿದಾರನ ಪರವಾಗಿ ಅದೇ ನ್ಯಾಯಾಲಯದ ಮುಂದೆ ಇನ್ನಷ್ಟು ಕೇಳಲು ತನಗೆ ಬಾಯಿಲ್ಲ ಎಂಬುದು ಅವರ ನಿಲುವಾಗಿತ್ತು. ಬಾರ್‌ನ ಉನ್ನತ ಪರಂಪರೆಗೆ ತಕ್ಕ ನಡೆ ಎಂದು ಪೀಠ ಮೆಚ್ಚಿಕೊಂಡಿತು. ನಮ್ಮಲ್ಲಿ ಕೆಲವರು ಅದನ್ನು ದ್ರೋಹವೆಂದು ಕರೆದರು. ನೆಲದ ಮೇಲಿನ ಸಂಕಟ ಸುಳ್ಳಾಗಿರಲಿಲ್ಲ, ಕಬ್ಬು ಭತ್ತ ಒಣಗುತ್ತಿದ್ದ ಗದ್ದೆಗಳೂ ಸುಳ್ಳಾಗಿರಲಿಲ್ಲ. ಆದರೂ ಅಂದು ನಾರಿಮನ್ ಕರ್ನಾಟಕಕ್ಕೆ ಮಾಡಿದ್ದು ಉಪಕಾರವೆಂದೇ ನಾನು ತಿಳಿಯುತ್ತೇನೆ. ಮುಂದಿನ ಮೇಲ್ಮನವಿಯನ್ನು ಅದೇ ನ್ಯಾಯಾಲಯವೇ ಕೇಳಬೇಕಿತ್ತು. ನಮ್ಮ ಪರ ನಿಂತವರ ಮಾತಿನ ಮೇಲೆ ಪೀಠಕ್ಕೆ ನಂಬಿಕೆ ಉಳಿಯದಿದ್ದರೆ, ಟಿಎಂಸಿ ಲೆಕ್ಕವನ್ನು ಕೇಳುವವರು ಯಾರು?

ಆ ವರ್ಷದ ಡಿಸೆಂಬರ್ 9ರಂದು ರಾಜ್ಯಗಳ ಮೇಲ್ಮನವಿ ವಿಚಾರಣೆಗೆ ಯೋಗ್ಯವೆಂದು ತೀರ್ಮಾನವಾಯಿತು. 2010ರಲ್ಲಿ ನಾರಿಮನ್ ನಂತರ ಬಾರ್ ಅಸೋಸಿಯೇಷನ್ ಆಫ್ ಇಂಡಿಯಾದ ಅಧ್ಯಕ್ಷರಾದವರು ಅನಿಲ್ ದಿವಾನ್. ಸಂಘದ ಪೀಠದಲ್ಲೂ ಕಾವೇರಿಯ ವಕಾಲತ್ತಿನಲ್ಲೂ ಜತೆಗಾರರಾಗಿದ್ದ ಅವರು 2017ರ ಮಾರ್ಚಿನಲ್ಲಿ ತೀರಿಕೊಂಡರು. ಜುಲೈನಲ್ಲಿ ಕರ್ನಾಟಕದ ಅಂತಿಮ ವಾದವನ್ನು ನಾರಿಮನ್ ಆರಂಭಿಸಿದರು. 1892 ಮತ್ತು 1924ರ ಒಪ್ಪಂದಗಳು ಬ್ರಿಟಿಷ್ ಮದ್ರಾಸು ತನಗಿಂತ ಬಲಹೀನವಾದ ಮೈಸೂರು ಸಂಸ್ಥಾನದ ಮೇಲೆ ಹೇರಿದವು ಎಂಬುದು ವಾದದ ಬುನಾದಿ. ಪೀಠ ಅದನ್ನು ಪೂರ್ತಿ ಒಪ್ಪಲಿಲ್ಲ, ಆದರೆ 1924ರ ಒಪ್ಪಂದದ ಅವಧಿ ಐವತ್ತು ವರ್ಷಕ್ಕೆ, ಅಂದರೆ 1974ಕ್ಕೆ ಮುಗಿಯಿತೆಂದಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ನಮ್ಮ ಪಾಲು 14.75 ಟಿಎಂಸಿ ಹೆಚ್ಚಿ 284.75 ಆಯಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಗಡಿಯ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು.

2023ರಲ್ಲಿ ಮುಂಗಾರು ಕೈಕೊಟ್ಟು ಕಾವೇರಿ ಮತ್ತೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಕರ್ನಾಟಕದ ಪರ ನಿಂತವರು ಅನಿಲ್ ದಿವಾನ್ ಅವರ ಮಗ ಶ್ಯಾಮ್ ದಿವಾನ್. ಆ ವರ್ಷ ನಾರಿಮನ್ ಸಾಮಾನ್ಯ ಓದುಗರಿಗಾಗಿ ಸಂವಿಧಾನದ ಮೇಲೊಂದು ಪುಸ್ತಕ ಹೊರತಂದರು. 370ನೇ ವಿಧಿಯ ಕುರಿತು ಡಿಸೆಂಬರಿನಲ್ಲಿ ಬಂದ ತೀರ್ಪು ಸರಿಯಿಲ್ಲವೆಂದು ಎಲ್ಲರೆದುರು ಹೇಳಿದರು. 2024ರ ಫೆಬ್ರವರಿ 21ರಂದು ದೆಹಲಿಯಲ್ಲಿ, ತೊಂಬತ್ತೈದನೇ ವಯಸ್ಸಿನಲ್ಲಿ ನಿಧನರಾದರು.